ಎರಡ ದಿನ ತಡಾ ಅಂತ ಕ್ರೆಡಿಟ್ ಕಾರ್ಡ್‌ನ್ಯಾಗ 2,489 ರೂಪಾಯಿ ಹಾಕ್ಯಾರ್ರಿ, ವಾಪಸ್ ತಗೊಳ್ಳಾಕ ಬರ್ತೈತೇನು?

ಬೆಟಗೇರಿ_ಪ್ರೆಸ್

ನಮಸ್ಕಾರ್ರಿ ಎಲ್ಲಾರಿಗೂ. ಗದಗದಾಗ ಪ್ರಿಂಟಿಂಗ್ ಪ್ರೆಸ್‌ನ್ಯಾಗ ಕೆಲ್ಸಾ ಮಾಡ್ತೀನಿ, ಮೂರ ವರ್ಷದಿಂದ ಒಂದ ಕಾರ್ಡ್ ಐತಿ, ಒಮ್ಮೆನೂ ಬಿಲ್ ಬಾಕಿ ಇಟ್ಟಾಂವಲ್ಲ. ಮಾರ್ಚ್ ಬಿಲ್ 18,640 ಬಂದಿತ್ತು, ಲಾಸ್ಟ್ ಡೇಟ್ 14. ಅವತ್ತ ರಾತ್ರಿ ಒಂಬತ್ತಕ್ಕ ಫೋನ್‌ನ್ಯಾಗ ಪೂರಾ ಕಟ್ಟಿದೆ, ಅಕೌಂಟಿಂದ ರೊಕ್ಕ ಅವಾಗ ಹೋತು, ಮೆಸೇಜೂ ಬಂತು. ಕಾರ್ಡಿಗೆ ಜಮಾ ಆಗಿದ್ದು ಮಾತ್ರ 16ಕ್ಕಂತ. ಮುಂದಿನ ಬಿಲ್‌ನ್ಯಾಗ ನೋಡಿದ್ರ ಲೇಟ್ ಫೀ 950, ಅದಕ್ಕ ಜಿಎಸ್‌ಟಿ 171, ಬಡ್ಡಿ 600, ಅದಕ್ಕೂ ಜಿಎಸ್‌ಟಿ 108. ಇದು ನನ್ನ ತಪ್ಪಲ್ಲ ಅಂತ ನಾ ಕಟ್ಟಲಿಲ್ಲ, ಅದರ ಮುಂದಿನ ತಿಂಗಳ ಮತ್ತೊಂದ ಲೇಟ್ ಫೀ 500, ಜಿಎಸ್‌ಟಿ 90, ಮತ್ತ ಹಳೆ ಚಾರ್ಜಿನ ಮ್ಯಾಲೇ ಬಡ್ಡಿ ಹಾಕಿ ಜಿಎಸ್‌ಟಿ ಸೇರಿ 70.80. ಒಟ್ಟ 2,489.80 ಆಗೈತ್ರಿ. ಬ್ರಾಂಚಿಗೆ ಹೋದ್ರ ಕಾರ್ಡ್ ಡಿಪಾರ್ಟ್‌ಮೆಂಟ್ ಬ್ಯಾರೆ, ನಮ್ಮ ಕೈಯಾಗ ಏನೂ ಇಲ್ಲ ಅಂತಾರ. ಮೊನ್ನೆ ರಾತ್ರಿ ಎಂಟೂವರಿಗೆ ನಮ್ಮ ಮನಿಯಾಕಿ ನಂಬರಿಗೆ ಫೋನ್ ಮಾಡಿ "ನಿಮ್ಮ ಯಜಮಾನ್ರು ಡಿಫಾಲ್ಟ್ ಆಗ್ಯಾರ" ಅಂದಾರ, ಆಕಿ ಗಾಬರಿಯಾಗಿ ಊಟಾನೂ ಮಾಡಲಿಲ್ಲ. ರೊಕ್ಕಕ್ಕಿಂತ ಅದ ಭಾಳ ಬ್ಯಾಸರಾಗೈತಿ. ಏನ್ ಮಾಡ್ಲಿ ಹೇಳ್ರಿ.

ಕೊಪ್ಪೀಕರ್‌ರೋಡ್_ಹುಬ್ಬಳ್ಳಿ

ಅಣ್ಣಾರ, ಮೊದಲನೇ ಲೇಟ್ ಫೀ ಹಾಕಾಕ ಅವರಿಗೆ ಹಕ್ಕ ಇಲ್ರಿ. ಆರ್‌ಬಿಐ 2022ರಾಗ ಕಾರ್ಡ್ ಬಗ್ಗೆ ನಿಯಮಾ ಮಾಡೇತಿ, ಜುಲೈ 1ರಿಂದ ಜಾರಿ ಬಂತು. ಡ್ಯೂ ಡೇಟ್ ಮುಗದು ಮೂರ ದಿನಕ್ಕಿಂತ ಹೆಚ್ಚ ಬಾಕಿ ಇದ್ರ ಮಾತ್ರ ಲೇಟ್ ಫೀ ಹಾಕಬೇಕು, ಸಿಬಿಲ್‌ಗೆ (ನಮ್ಮ ಸಾಲದ ದಾಖಲೆ ಇಡೂ ಕಂಪನಿ) ಬಾಕಿ ಅಂತ ಕಳಸಬೇಕು. ನಿಮ್ಮದು 16ಕ್ಕ ಜಮಾ ಅಂತ ಅವರ ಬಿಲ್ಲ ಹೇಳಾಕತ್ತೈತಿ, ಅಂದ್ರ ಎರಡ ದಿನಾ. 14ಕ್ಕ ಕಟ್ಟಿದ್ದೋ 16ಕ್ಕ ಕಟ್ಟಿದ್ದೋ ಅಂತ ವಾದಾ ಮಾಡೋದ ಬ್ಯಾಡ, ಅವರ ಲೆಕ್ಕದಾಗೂ ಆ 950 ನಿಲ್ಲೂದಿಲ್ಲ. ಇನ್ನ ಕಟ್ಟದ ಉಳದ ಚಾರ್ಜು, ಟ್ಯಾಕ್ಸು ಅಸಲಿಗೆ ಸೇರಿಸಿ ಅದರ ಮ್ಯಾಲೆ ಬಡ್ಡಿ ಹಾಕೂದು ಅದ ನಿಯಮದಾಗ ಬಂದ್ ಐತಿ. ಆ 70.80 ಅದ ಲೆಕ್ಕದಾಗ ಬರ್ತೈತಿ.

ವಸೂಲಿ ಫೋನು ಮುಂಜಾನೆ 8ರ ಒಳಗ, ಸಂಜೀ 7ರ ಮ್ಯಾಲೆ ಮಾಡೂ ಹಂಗಿಲ್ಲ ಅಂತನೂ ಆರ್‌ಬಿಐ ಹೇಳೇತಿ. ಕಾಲ್ ಬಂದ ಸ್ಕ್ರೀನ್‌ಶಾಟ್ ಇಟ್ಕೊರಿ, ಅಕ್ಕಾರಿಗೆ ಧೈರ್ಯಾ ಹೇಳ್ರಿ.

ಧಾರವಾಡದಾಕಿ

ನಂದೂ ಹೋದ ವರ್ಷ ಹಿಂಗ ಆಗಿತ್ರೀ, ಆಟೋಪೇ ಅವರ ಕಡೆ ಫೇಲ್ ಆಗಿ ನನಗ 750 ಮತ್ತ ಜಿಎಸ್‌ಟಿ 135 ಹಾಕಿದ್ರು. ಕಸ್ಟಮರ್ ಕೇರಿಗೆ ಐದ ಸಲ ಫೋನ್ ಮಾಡಿದೆ, ಪ್ರತಿ ಸಲ ಹೊಸಬ್ರು, ಪ್ರತಿ ಸಲ ಮೊದಲಿಂದ ಕಥಿ ಹೇಳಬೇಕು. ಫೋನಿನ್ಯಾಗ ಮಾತಾಡಿದ್ದಕ್ಕ ನಮ್ಮ ಕಡೆ ಏನೂ ಸಾಕ್ಷಿ ಉಳಿಯೂದಿಲ್ರೀ, ಮೇಲ್ ಮಾಡ್ರಿ, ಕಂಪ್ಲೇಂಟ್ ನಂಬರ್ ತಗೊರಿ, ಆ ನಂಬರ್ ಬಂದ ತಾರೀಖು ಗೋಡೆ ಕ್ಯಾಲೆಂಡರ್ ಮ್ಯಾಲೆ ಬರದಿಡ್ರಿ, ಯಾಕಂದ್ರ ಬ್ಯಾಂಕಿಗೆ ಉತ್ತರಾ ಕೊಡಾಕ ಇರೂ 30 ದಿನದ ಲೆಕ್ಕ ಅಲ್ಲಿಂದನ ಶುರು ಆಗ್ತದ.

ಮೇಲ್ ಉದ್ದ ಬರೀಬ್ಯಾಡ್ರಿ. ಸಿಟ್ಟು, ಸಂಕಟ ಎಲ್ಲಾ ಬರದ್ರ ಅವರು ಓದೂದಿಲ್ಲ. ನಾ ಬರದಿದ್ದು ಇಷ್ಟ: ಬಿಲ್ ತಾರೀಖು, ಡ್ಯೂ ಡೇಟ್, ರೊಕ್ಕ ಹೋದ ತಾರೀಖು ಮತ್ತ ಟೈಮು, ಯುಟಿಆರ್ ನಂಬರ್ (ರೊಕ್ಕ ಕಳಿಸಿದ್ದರ ಗುರುತಿನ ನಂಬರ್), ಜಮಾ ಆದ ತಾರೀಖು, ಯಾವ ಯಾವ ಚಾರ್ಜು ಯಾಕ ತಪ್ಪು, ಎಷ್ಟ ವಾಪಸ್ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಒಂದ ಸಾಲಿಗೆ ಪೆನ್ನಿಲೆ ಗೆರಿ ಹೊಡದು ಫೋಟೋ ಹಾಕಿದ್ದೆ. ಹತ್ತ ದಿನಕ್ಕ ಉತ್ತರ ಬರಲಿಲ್ಲ ಅಂದ್ರ ನೋಡಲ್ ಆಫೀಸರ್‌ಗೆ (ಬ್ಯಾಂಕಿನ್ಯಾಗ ದೂರು ನೋಡೂ ಮ್ಯಾಲಿನ ಅಧಿಕಾರಿ) ಅದ ಮೇಲ್ ಕಳಸ್ರಿ, ಅವರ ವಿಳಾಸ ಬ್ಯಾಂಕಿನ ವೆಬ್‌ಸೈಟ್‌ನ್ಯಾಗ ಇರ್ತದ.

ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ನಾ 12ನೇ ದಿನಕ್ಕ ಆರ್‌ಬಿಐ ಒಂಬಡ್ಸ್‌ಮನ್‌ಗೆ (ಬ್ಯಾಂಕ್ ಮ್ಯಾಲಿನ ದೂರು ಕೇಳೂ ಅಧಿಕಾರಿ) ಹಾಕಿಬಿಟ್ಟೆ, ಬ್ಯಾಂಕಿಗೆ 30 ದಿನ ಕೊಟ್ಟಿಲ್ಲಂತ ಅಲ್ಲೇ ಕ್ಲೋಸ್ ಮಾಡಿದ್ರು. 30 ದಿನ ಮುಗದ ಮ್ಯಾಲೆ ಮತ್ತ ಹಾಕಿದೆ. ಸಿಎಂಎಸ್ ಅಂತ ಆರ್‌ಬಿಐದ್ದ ಪೋರ್ಟಲ್ ಅದ, ಒಂದ ರೂಪಾಯಿ ಫೀ ಇಲ್ಲ, ವಕೀಲ್ರೂ ಬ್ಯಾಡ. ತಿಳೀಲಿಲ್ಲಂದ್ರ 14448ಕ್ಕ ಫೋನ್ ಮಾಡ್ರಿ, ಕನ್ನಡದಾಗೂ ಮಾತಾಡ್ತಾರ. ನನಗ ಮೊದಲ ಬರೇ 750 ವಾಪಸ್ ಬಂತು, ಜಿಎಸ್‌ಟಿ 135 ಬರಲಿಲ್ಲ, ಮತ್ತೊಂದ ಮೇಲ್ ಹಾಕಿ ಅದನ್ನೂ ತಗೊಂಡೆ. ಬಿಡಬ್ಯಾಡ್ರಿ, ಫೀನ ತಪ್ಪಂದ ಮ್ಯಾಲೆ ಅದರ ಟ್ಯಾಕ್ಸ್ ಹೆಂಗ ಉಳೀತದ?

ಹಾವೇರಿ_ರಿಟೈರ್ಡ್

ನಾನು ಬ್ಯಾಂಕಿನ್ಯಾಗ ದುಡದು ರಿಟೈರ್ ಆದಾಂವ. ಮ್ಯಾಲಿನವರು ಹೇಳಿದ್ದು ಖರೇ ಐತಿ, ಆದ್ರ ಒಂದ ಮಾತ ಬಿಚ್ಚಿ ಹೇಳ್ತೀನಿ ತಮ್ಮಾ. ಲೇಟ್ ಫೀ ಬ್ಯಾರೆ, ಬಡ್ಡಿ ಬ್ಯಾರೆ. ಆ ಮೂರ ದಿನದ ರಿಯಾಯ್ತಿ ಲೇಟ್ ಫೀಗೆ ಮತ್ತ ಸಿಬಿಲ್‌ಗೆ, ಬಡ್ಡಿಗೆ ಅಲ್ಲ. ಡ್ಯೂ ಡೇಟಿಗೆ ಪೂರಾ ಜಮಾ ಆಗ್ಲಿಲ್ಲಂದ್ರ ಬಡ್ಡಿ ಇಲ್ಲದ ದಿನಗಳ ಸವಲತ್ತು ಹೋಗ್ತೈತಿ, ಖರೀದಿ ಮಾಡಿದ ದಿನದಿಂದನ ಬಡ್ಡಿ ಎಣಸ್ತಾರ. ಆ ಬಡ್ಡಿ 600, ಅದರ ಜಿಎಸ್‌ಟಿ 108 ಸೇರಿ 708ರ ಬಗ್ಗೆ ನಿನ್ನ ವಾದಾ ನಿಲ್ಲೂದು ರೊಕ್ಕ 14ಕ್ಕ ನನ್ನ ಕೈ ಬಿಟ್ಟೈತಿ ಅನ್ನೂದರ ಮ್ಯಾಲೆ, ಹಂಗಾಗಿ ಯುಟಿಆರ್ ಮುಖ್ಯ. ಬಡ್ಡಿ ದರನ ಹೆಚ್ಚಾತು ಅಂತ ಜಗಳಾ ತಗೀಬ್ಯಾಡ. ಗ್ರಾಹಕರ ರಾಷ್ಟ್ರೀಯ ಆಯೋಗ 2008ರಾಗ ವರ್ಷಕ್ಕ ಶೇಕಡಾ 30 ದಾಟಬಾರದು ಅಂದಿತ್ತು, ಅದನ್ನ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನ್ಯಾಗ ತಗದು ಹಾಕೇತಿ.

ಈಗಿಂದೀಗ ಆ 708 ಕಟ್ಟಿಬಿಡು, "ಒಪ್ಪಿ ಕಟ್ಟಿದ್ದಲ್ಲ, ತಕರಾರು ಕಾಯ್ದಿರಿಸಿ ಕಟ್ಟಿದ್ದು" ಅಂತ ಮೇಲ್‌ನ್ಯಾಗ ಬರಿ. ಪೂರಾ ನಿಲ್ಲಿಸಿ ಕುಂತ್ರ ತಿಂಗಳ ತಿಂಗಳ ಹೊಸ ಚಾರ್ಜು ಹತ್ತಿ ಲೆಕ್ಕ ಗೋಜಲಾಗ್ತೈತಿ. ಮತ್ತ ಅವರು "ಗುಡ್‌ವಿಲ್ ಮ್ಯಾಲೆ ಒಂದ ಸಲ ಮಾಫಿ" ಅಂತ ಕೊಟ್ರ ರೊಕ್ಕ ತಗೊ, ಆದ್ರ ತಪ್ಪಾಗಿ ಹಾಕಿದ್ದು ಅಂತ ಲಿಖಿತದಾಗ ಕೇಳು. ನಾಳೆ ಮನಿ ಸಾಲಕ್ಕ ಹೋದಾಗ ಸಿಬಿಲ್ ತಗದು ನೋಡ್ತಾರ, ಅಲ್ಲಿ ಆ ಕಾಗದ ಬೇಕಾಗ್ತೈತಿ.

ಬೆಟಗೇರಿ_ಪ್ರೆಸ್

ಎಲ್ಲಾರಿಗೂ ಭಾಳ ಉಪಕಾರ ಆತ್ರಿ, ತಡಾ ಆದ್ರೂ ಆಗಿದ್ದು ತಿಳಸ್ತೀನಿ. ಅಕ್ಕಾರ ಹೇಳಿದಂಗ ಒಂದ ಪುಟದ ಮೇಲ್ ಹಾಕಿದೆ, ಹಿರಿಯರು ಹೇಳಿದಂಗ 708 ತಕರಾರು ಇಟ್ಟ ಕಟ್ಟಿದೆ. 11ನೇ ದಿನಾ ನೋಡಲ್ ಆಫೀಸರ್‌ಗೆ ಕಳಿಸಿದೆ. 26ನೇ ದಿನಾ ಎರಡೂ ಲೇಟ್ ಫೀ ಜಿಎಸ್‌ಟಿ ಸಮೇತ, ಮತ್ತ ಆ 70.80, ಒಟ್ಟ 1,781.80 ಕಾರ್ಡಿನ ಲೆಕ್ಕದಿಂದ ತಗದ್ರು. ಬಡ್ಡಿ 708 ಮಾತ್ರ ಸರಿ ಐತಿ ಅಂತ ಬರದಾರ. ನನಗ ಅದು ಒಪ್ಪಿಗಿ ಇಲ್ರಿ, 14ಕ್ಕ ರೊಕ್ಕ ಕೊಟ್ಟಾಂವ ನಾನು, ಅದಕ್ಕ ಅವರ ಉತ್ತರಾನ ಹಚ್ಚಿ ಒಂಬಡ್ಸ್‌ಮನ್‌ಗೆ ಹಾಕೀನಿ.

ಮನಿಯಾಕಿಗೆ ಆ ಫೋನ್ ಮತ್ತ ಬಂದಿಲ್ಲ. ಸಿಬಿಲ್ ಫ್ರೀ ರಿಪೋರ್ಟ್ ತಗದ್ರ ಇನ್ನೂ ಬಾಕಿ ತೋರಸಾಕತ್ತೈತಿ, ಅದಕ್ಕ ನಿನ್ನೆ ಆನ್‌ಲೈನ್ ತಕರಾರು ಹಾಕೇನಿ.

ಕೊಪ್ಪೀಕರ್‌ರೋಡ್_ಹುಬ್ಬಳ್ಳಿ

ಚಲೋ ಮಾಡಿದ್ರಿ ಅಣ್ಣಾರ. ಸಿಬಿಲ್‌ದೂ ತಾರೀಖ ಬರದಿಡ್ರಿ, 30 ದಿನದಾಗ ಸರಿ ಮಾಡ್ಲಿಲ್ಲಂದ್ರ ಆಮ್ಯಾಲಿನ ಪ್ರತಿ ದಿನಕ್ಕ ನಿಮಗ 100 ರೂಪಾಯಿ ಕೊಡಬೇಕಂತ ಆರ್‌ಬಿಐ ನಿಯಮಾ ಐತಿ. ಒಂಬಡ್ಸ್‌ಮನ್ ಏನಂದ್ರು ಇಲ್ಲೇ ಹಾಕ್ರಿ, ನನ್ನ ತಮ್ಮಂದೂ ಇಂಥಾದ್ದ ಒಂದ ಐತಿ.