ಅಪ್‌ಡೇಟ್: ಕಾರ್ಬನ್ ಪೇಪರ್ ಈಗ ನೀರು ಹೀರುತ್ತಿಲ್ಲ

ಫ್ಯುಯೆಲ್ ಸೆಲ್‌ನ (ಹೈಡ್ರೋಜನ್‌ನಂಥ ಇಂಧನದಿಂದ ನೇರವಾಗಿ ವಿದ್ಯುತ್ ಮಾಡೋ ಸಾಧನ) ಕಾರ್ಬನ್ ಪೇಪರ್‌ನಲ್ಲಿ, ಅಂದರೆ ಕಾರ್ಬನ್ ನಾರಿನ ತೆಳು ಹಾಳೆಯಲ್ಲಿ, ನೀರು ಕಟ್ಟಿಕೊಂಡು ಗಾಳಿ ಒಳಗೆ ಹೋಗೋದೇ ನಿಲ್ಲುತ್ತೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

ಕೈಹಿಡಿದದ್ದು ಟೆಫ್ಲಾನ್ ದ್ರಾವಣದ ಸಲಹೆ. ಅದರಲ್ಲಿ ಅದ್ದಿ ಬರೀ ಒಣಗಿಸಿದ ತುಂಡಿನ ಮೇಲೆ ನೀರು ಹಾಕಿದರೆ ಹಾಗೇ ಇಂಗಿಹೋಯಿತು! ದ್ರಾವಣದಲ್ಲಿ ಟೆಫ್ಲಾನ್ ಕಣಗಳನ್ನು ತೇಲಿಸಿಡೋಕೆ ಸಾಬೂನಿನಂಥ ರಾಸಾಯನಿಕ ಇರುತ್ತೆ, ನೀರನ್ನು ಒಳಗೆಳೆಯೋದು ಅದೇ. 280 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದನ್ನು ಸುಟ್ಟು, ಆಮೇಲೆ 350ರಲ್ಲಿ ಅರ್ಧ ಗಂಟೆ ಇಟ್ಟೆ. ಟೆಫ್ಲಾನ್ ಕರಗೋದು 327ರಲ್ಲಿ, ಆಗಲೇ ಅದು ಎಳೆಗಳಿಗೆ ಹರಡಿ ಅಂಟೋದು. ಈಗ ಹನಿ ದುಂಡಗೆ ಕೂರುತ್ತೆ, ಪೇಪರ್ ಓರೆ ಮಾಡಿದರೆ ಉರುಳಿಹೋಗುತ್ತೆ. ಹೊಗೆ ವಿಷಕಾರಿ, ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯೋ ಲ್ಯಾಬ್ ಗೂಡು) ಇಲ್ಲದೆ ದಯವಿಟ್ಟು ಮಾಡಬೇಡಿ. ಟೆಫ್ಲಾನ್ ಜಾಸ್ತಿಯಾದರೆ ರಂಧ್ರ ಮುಚ್ಚಿ ವಿದ್ಯುತ್ ವಾಹಕತೆಯೂ ಇಳಿಯುತ್ತೆ.

ನೀರು ಅಂಟದಂತೆ ಮಾಡೋ ಇನ್ನೊಂದು ಲೇಪನ ಫ್ಲೋರೋಸಿಲೇನ್, ಅದು ಕಾರ್ಬನ್‌ಗೆ ಹಿಡಿಯಲಿಲ್ಲ. ಅದಕ್ಕೆ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಹೈಡ್ರೋಜನ್ ಜೋಡಿಗಳು) ಬೇಕು, ಅವಕ್ಕೇ ಅದು ಅಂಟೋದು. ಆಮ್ಲದಿಂದ ಒರಟು ಮಾಡಿದ ಅಲ್ಯೂಮಿನಿಯಂ ಮೇಲೆ ಮಾತ್ರ ಅದ್ಭುತವಾಗಿ ಬಂತು.

ನನಗೆ ನಿಜಕ್ಕೂ ಅಚ್ಚರಿಯಾದ ವಿಷಯ: ಟೆಫ್ಲಾನ್‌ನಲ್ಲಿರೋದೂ ಫ್ಲೋರಿನ್ನೇ, ಆದರೆ ಫ್ಲೋರಿನ್ ಅನಿಲಕ್ಕೆ ಆಮ್ಲಜನಕ ಬೆರೆಸಿ ಕಾರ್ಬನ್ ನಾರನ್ನು ಹದವಾಗಿ ಸಂಸ್ಕರಿಸಿದರೆ ಅದು ನೀರನ್ನು ಇನ್ನೂ ಚೆನ್ನಾಗಿ ಹಿಡಿಯುತ್ತಂತೆ. ನಾರಿಗೆ ರೆಸಿನ್ (ನಾರುಗಳನ್ನು ಬೆಸೆಯೋ ಅಂಟು ಪ್ಲಾಸ್ಟಿಕ್) ಗಟ್ಟಿಯಾಗಿ ಅಂಟಲಿ ಅಂತಲೇ ಹಾಗೆ ಮಾಡ್ತಾರೆ. ಟೆಫ್ಲಾನ್ ಸೂಚಿಸಿದವರಿಗೆ ತುಂಬಾ ಥ್ಯಾಂಕ್ಸ್.