ಅಜ್ಜನ ಫೋಟೋ ಗಾಜಿಗೆ ಅಂಟಿದ್ದು ಯಾರಿಂದ?

ಮಜಲುಮನೆ ಕುಟುಂಬ ಗುಂಪು, ಭಾನುವಾರ ಬೆಳಿಗ್ಗೆ

ನೀರ್ಚಾಲು ಅತ್ತೆ (ಹಲವು ಬಾರಿ ಫಾರ್ವರ್ಡ್ ಆದದ್ದು): ಫೋಟೋಗಳಿಗೆ ಕಟ್ಟು ಹಾಕಿಸಲು ಸಾವಿರಾರು ರೂಪಾಯಿ ಸುರಿಯುತ್ತಿದ್ದೀರಾ? ನಿಲ್ಲಿಸಿ! ಮೊಬೈಲಿನ ಫೋಟೋವನ್ನು ಪ್ರಿಂಟ್ ಹಾಕಿಸಿ, ಗಾಜಿನ ಹಿಂಬದಿಗೆ ಗೋಂದಿನಿಂದ ಅಂಟಿಸಿ, ರಟ್ಟು ಮುಚ್ಚಿ. ನೂರು ವರ್ಷವಾದರೂ ಹಾಳಾಗುವುದಿಲ್ಲ. ನಿಮ್ಮವರೆಲ್ಲರಿಗೂ ತಿಳಿಸಿ.

ನೀರ್ಚಾಲು ಅತ್ತೆ: ಗೃಹಪ್ರವೇಶದ ಫೋಟೋಗಳಿಗೆ ಅಂಗಡಿಯವನು ಒಂದಕ್ಕೆ 900 ರೂಪಾಯಿ ಕೇಳಿದ ದಿನವೇ ನಾನು ಇದನ್ನು ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪುತ್ತೂರು ಭಾವ: ಅಮ್ಮ, ಇದನ್ನು ಬರೆದವರು ಯಾರು? ನೂರು ವರ್ಷ ಎಂದು ಲೆಕ್ಕ ಹಾಕಿದವರು ಯಾರು? ಕಾಸರಗೋಡಿನ ಮಳೆಗಾಲ ನೋಡಿದವರಂತೂ ಅಲ್ಲ.

ನೀರ್ಚಾಲು ಅತ್ತೆ: ನಿನಗೆ ಎಲ್ಲದಕ್ಕೂ ಆಧಾರ ಬೇಕು. ಕಳೆದ ತಿಂಗಳು ಅರಿಶಿನದ ವಿಷಯದಲ್ಲಿಯೂ ಎಲ್ಲರ ಎದುರು ಹೀಗೆಯೇ ಮಾಡಿದೆ.

ದೊಡ್ಡಪ್ಪ: ಗೋಂದಿನ ಮಾತು ಆಮೇಲೆ. ಮನೆಯ ಗೋಡೆಗೆ ಒಂದು ಮರ್ಯಾದೆ ಇದೆ. ಚಾವಡಿಯಲ್ಲಿ ದೇವರು ಮತ್ತು ತೀರಿಹೋದ ಹಿರಿಯರು ಇರಬೇಕು. ಬದುಕಿರುವವರ ಫೋಟೋಕ್ಕೆ ಕಟ್ಟು ಹಾಕಿಸಿ ತೂಗಿಸುವ ಕ್ರಮ ನಮ್ಮಲ್ಲಿ ಇರಲಿಲ್ಲ.

ತಮ್ಮ: ದೊಡ್ಡಪ್ಪ, ನಾನು ತೂಗಿಸಬೇಕೆಂದಿರುವುದು ಬೇಕಲ ಕೋಟೆಯ ಫೋಟೋ. ಅದರಲ್ಲಿ ಮನುಷ್ಯರೇ ಇಲ್ಲ.

ದೊಡ್ಡಪ್ಪ: ಕೋಟೆ ಅಲ್ಲಿಯೇ ಇದೆಯಲ್ಲ. ಬೇಕಾದಾಗ ಹೋಗಿ ನೋಡು.

ಬೆಂಗಳೂರು ಅಣ್ಣ: ಫೋಟೋ ಎಂದಾಗ ಕುಂಬಳೆಯ ಸ್ಟುಡಿಯೋ ನೆನಪಾಯಿತು. ಹತ್ತನೆಯ ತರಗತಿಯ ಪರೀಕ್ಷೆಗೆಂದು ಮುಖಕ್ಕೆಲ್ಲ ಪೌಡರ್ ಬಳಿದುಕೊಂಡು ಹೋಗಿದ್ದೆ. ಆಮೇಲೆ ಚಿಕ್ಕಪ್ಪನ ಕ್ಯಾಮೆರಾ ಬಂತು, 36 ಫೋಟೋಗಳ ರೋಲು. ವಿಷುವಿಗೆ ಹಾಕಿದ ರೋಲು ದೀಪಾವಳಿಗೆ ಮುಗಿಯುತ್ತಿತ್ತು. ತೊಳೆಸಿ ತಂದ ದಿನ ಎಲ್ಲರೂ ಜಗಲಿಯಲ್ಲಿ ಕುಳಿತು, ಅಂಚು ಹಿಡಿದು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದೆವು. ಬೆರಳಿನ ಗುರುತು ಬಿದ್ದರೆ ಚಿಕ್ಕಪ್ಪ ಬೈಯುತ್ತಿದ್ದರು.

ನೀರ್ಚಾಲು ಅತ್ತೆ: ನೀನೇ ಮಾತು ತೆಗೆದದ್ದು ಒಳ್ಳೆಯದಾಯಿತು. ಅಪ್ಪನ ಫೋಟೋ ನಿನ್ನ ಮನೆಯಲ್ಲಿ ಇನ್ನೂ ಎಷ್ಟು ವರ್ಷ ಇರಬೇಕು? ಪಾಲಿನ ದಿನ "ಪ್ರತಿ ಮಾಡಿಸಿ ತರುತ್ತೇನೆ" ಎಂದು ಕೊಂಡುಹೋದದ್ದು.

ಬೆಂಗಳೂರು ಅಣ್ಣ: ಅತ್ತೆ, ಅದು ಗಾಜಿಗೆ ಅಂಟಿಕೊಂಡಿದೆ. ಬಿಡಿಸಿದರೆ ಎಡ ಭುಜವೂ ಮುಂಡಾಸಿನ ಅಂಚೂ ಗಾಜಿನಲ್ಲಿಯೇ ಉಳಿಯುತ್ತವೆ ಎಂದು ಅಂಗಡಿಯವರು ಕೈಹಾಕಲಿಲ್ಲ.

ಚಿಕ್ಕಮ್ಮ: ಅದಕ್ಕೂ ನಾವೇ ಕಾರಣ ಎಂದು ಮತ್ತೆ ಹೇಳಬೇಡಿ. ನಮ್ಮ ಮದುವೆಯ ವರ್ಷ ಕಟ್ಟು ಬದಲಾಯಿಸಿದ್ದು ದೊಡ್ಡ ಭಾವ. ಒಳಗಿದ್ದ ದಪ್ಪ ರಟ್ಟಿನ ಅಂಚಿನಿಂದ ಫೋಟೋ ಸಣ್ಣದಾಗಿ ಕಾಣಿಸುತ್ತದೆ ಎಂದು ತೆಗೆಸಿದ್ದೂ ಅವರೇ.

ದೊಡ್ಡಪ್ಪ: ಹಣ ಕೊಟ್ಟವನು ನಾನು. ಆಗ ಯಾರೂ ಒಂದು ರೂಪಾಯಿ ಬಿಚ್ಚಲಿಲ್ಲ.

ನಾನು: ಆ ರಟ್ಟಿನ ಅಂಚೇ ಅಜ್ಜನ ಫೋಟೋವನ್ನು ಅಷ್ಟು ವರ್ಷ ಕಾಪಾಡಿದ್ದು. ಅಂಗಡಿಯಲ್ಲಿ ಅದಕ್ಕೆ ಮೌಂಟ್ ಎನ್ನುತ್ತಾರೆ. ಹಳೆಯ ಫೋಟೋ ಕಾಗದದ ಮೇಲ್ಪದರ ಜೆಲಾಟಿನ್. ತೇವ ಕುಡಿದರೆ ಮೆತ್ತಗಾಗುತ್ತದೆ, ಗಾಜು ತಾಗಿಕೊಂಡಿದ್ದರೆ ಒಣಗುವಾಗ ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಮೌಂಟ್ ಇದ್ದರೆ ನಡುವೆ ಸ್ವಲ್ಪ ಗಾಳಿ ಇರುತ್ತದೆ. ಹೀಗಿರುವಾಗ ನಾವಾಗಿಯೇ ಗೋಂದು ಹಚ್ಚಿ ಅಂಟಿಸುವುದೇ? ಅತ್ತೆ, ದಯವಿಟ್ಟು ಇದನ್ನು ಇನ್ನು ಯಾರಿಗೂ ಕಳುಹಿಸಬೇಡಿ.

ನಾನು: ಖರ್ಚು ಉಳಿಸುವ ದಾರಿ ಬೇರೆ ಇದೆ. ಅಳತೆ ಕೊಟ್ಟು ಮಾಡಿಸಿದರೆ ದುಬಾರಿ. ಪ್ರಮಾಣಪತ್ರಗಳಿಗೆಂದು ಎ4 ಅಳತೆಯ ಸಿದ್ಧ ಕಟ್ಟುಗಳು ಸಿಗುತ್ತವೆ, 210×297 ಮಿ.ಮೀ. ಅದರೊಳಗೆ 6×8 ಇಂಚಿನ ಪ್ರಿಂಟ್ ಇಟ್ಟರೆ ಪಕ್ಕಗಳಲ್ಲಿ ಒಂದು ಇಂಚಿಗಿಂತ ಹೆಚ್ಚು, ಮೇಲೆ ಕೆಳಗೆ ಎರಡು ಇಂಚಿನ ಹತ್ತಿರ ಜಾಗ ಉಳಿಯುತ್ತದೆ. ಆ ಜಾಗಕ್ಕೆ ಮೌಂಟ್ ಬೋರ್ಡನ್ನು ಸ್ಟೀಲ್ ಸ್ಕೇಲು, ಹೊಸ ಬ್ಲೇಡು ಇಟ್ಟುಕೊಂಡು ನಾನೇ ಕತ್ತರಿಸಿದೆ. ಕಿಂಡಿ ಫೋಟೋಕ್ಕಿಂತ ಸುತ್ತಲೂ 3 ಮಿ.ಮೀ. ಚಿಕ್ಕದಿರಬೇಕು. ಬ್ಲೇಡನ್ನು ಒಂದೇ ಸಲ ಒತ್ತಿ ಎಳೆದರೆ ಮೂಲೆ ಹರಿಯುತ್ತದೆ, ಹಗುರವಾಗಿ ನಾಲ್ಕೈದು ಸಲ ಎಳೆಯಬೇಕು. ಗೋಂದು, ಸೆಲೋಟೇಪು ಯಾವುದನ್ನೂ ಫೋಟೋಕ್ಕೆ ಮುಟ್ಟಿಸಲಿಲ್ಲ. ಕಾಗದ ಮಡಚಿ ಮಾಡಿದ ನಾಲ್ಕು ಮೂಲೆಗಳೊಳಗೆ ಕೂರಿಸಿದೆ, ಅಷ್ಟೇ.

ಪುತ್ತೂರು ಭಾವ: ಇದನ್ನು ಒಪ್ಪುತ್ತೇನೆ. ಆದರೆ ಗುಂಪಿಗೆ ಬಂದ ಫೋಟೋವನ್ನೇ ಪ್ರಿಂಟ್ ಹಾಕಿಸಬೇಡಿ, ಇಲ್ಲಿಗೆ ತಲುಪುವಾಗ ಅದು ಕುಗ್ಗಿರುತ್ತದೆ. ಇಂಚಿಗೆ 300 ಚುಕ್ಕೆಯಂತೆ 6×8ಕ್ಕೆ 1800×2400 ಪಿಕ್ಸೆಲ್ ಬೇಕು. ಮೂಲವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ.

ತಮ್ಮ: ಭಾವ, ಕೋಟೆಯದ್ದು 12×18 ಆಗಬಹುದೇ?

ಪುತ್ತೂರು ಭಾವ: ದೂರದಿಂದ ನೋಡುವುದಾದರೆ 200 ಚುಕ್ಕೆ ಸಾಕು. ನಿನ್ನ ಮೊಬೈಲಿನ 12 ಮೆಗಾಪಿಕ್ಸೆಲ್ ಅದಕ್ಕೆ ಧಾರಾಳ.

ನೀರ್ಚಾಲು ಅತ್ತೆ: ಅವಳು ಹೇಳಿದರೆ ಒಪ್ಪುತ್ತೀಯ. ಅಮ್ಮ ಹೇಳಿದರೆ ಆಧಾರ ಕೇಳುತ್ತೀಯ.

ದೊಡ್ಡಪ್ಪ: ಇಷ್ಟೆಲ್ಲ ಮಾಡಿ ನೀನು ಹಾಕಿದ ಫೋಟೋ ಯಾವುದು?

ನಾನು: ಅಜ್ಜಿಯದ್ದು. ಹಿತ್ತಿಲ ಜಗಲಿಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಿರುವುದು. ಮೇಣ ಹಿಡಿಯದಂತೆ ಕೈಗೆ ಎಣ್ಣೆ ಹಚ್ಚಿಕೊಂಡಿದ್ದಾರೆ, ಮುಂಗೈಯವರೆಗೆ ಹೊಳೆಯುತ್ತದೆ. ನನ್ನನ್ನು ನೋಡುತ್ತಿಲ್ಲ, ಬೆರಳಲ್ಲಿರುವ ಸೊಳೆಯನ್ನು ನೋಡುತ್ತಿದ್ದಾರೆ. ಅವರು ಇದ್ದಾಗಲೇ ಚಾವಡಿಯಲ್ಲಿ ತೂಗಿಸುತ್ತೇನೆ ಎಂದಿದ್ದೆ. ಬದುಕಿರುವವರದ್ದು ಬೇಡ ಎಂದು ನೀವು ತಡೆದಿರಿ. ಅಜ್ಜಿ ಅದನ್ನು ಮೊಬೈಲಿನಲ್ಲಿ ಒಮ್ಮೆ ನೋಡಿದರು, ಅದೂ ಕನ್ನಡಕವಿಲ್ಲದೆ. ನನಗೆ ಆ ಬೇಸರ ಇನ್ನೂ ಹೋಗಿಲ್ಲ ದೊಡ್ಡಪ್ಪ.

(ಮಧ್ಯಾಹ್ನ 2.40)

ದೊಡ್ಡಪ್ಪ: ಅಮ್ಮನ ಆ ಫೋಟೋವನ್ನು ನಾನು ನೋಡಿಲ್ಲ. ಚಾವಡಿಯ ಪಡುವಣ ಗೋಡೆಯಲ್ಲಿ ಒಂದು ಮೊಳೆ ಖಾಲಿ ಇದೆ.

ನಾನು: ಪಡುವಣ ಗೋಡೆ ಬೇಡ. ಅದು ಮುರಕಲ್ಲು, ಆಟಿ ತಿಂಗಳ ಮಳೆ ನೇರ ಹೊಡೆಯುತ್ತದೆ, ಒಳಗೆಲ್ಲ ಬೂಷ್ಟು. ದೇವರ ಕೋಣೆಗೂ ಚಾವಡಿಗೂ ನಡುವಿನ ಗೋಡೆ ಒಣಗಿರುತ್ತದೆ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಹವಾಯಿ ಚಪ್ಪಲಿಯ ರಬ್ಬರ್ ತುಂಡು ಅಂಟಿಸುತ್ತೇನೆ. ಗೋಡೆಗೆ ತಾಗದೆ ಗಾಳಿಯಾಡುತ್ತದೆ.

ದೊಡ್ಡಪ್ಪ: ಅಮ್ಮನ ಫೋಟೋಕ್ಕೆ ಚಪ್ಪಲಿಯೇ?

ನಾನು: ಬಾಟಲಿಯ ಬಿರಡೆಯನ್ನು ಕತ್ತರಿಸಿ ಹಾಕುತ್ತೇನೆ.

ಬೆಂಗಳೂರು ಅಣ್ಣ: ನವರಾತ್ರಿಗೆ ಬರುವಾಗ ಅಜ್ಜನದ್ದನ್ನೂ ತರುತ್ತೇನೆ.

ಪುತ್ತೂರು ಭಾವ: ಬಿಡಿಸಲು ಹೋಗಬೇಡ, ಗಾಜಿನ ಸಮೇತ ತಾ. ಹಗಲು ಬೆಳಕಿನಲ್ಲಿ ಪ್ರತಿಬಿಂಬ ಬೀಳದಂತೆ ಅದರ ಫೋಟೋ ತೆಗೆದು ಪ್ರಿಂಟ್ ಹಾಕಿಸೋಣ. ಹಿಂಬದಿಯಲ್ಲಿ ತಾರೀಕು ಇದೆಯೇ?

ದೊಡ್ಡಪ್ಪ: ತಾರೀಕು ಇಲ್ಲ. "ದಕ್ಷಿಣ ಕನ್ನಡ ಜಿಲ್ಲೆ" ಎಂದು ಅಪ್ಪನ ಕೈಬರಹ ಇದೆ.

ಪುತ್ತೂರು ಭಾವ: ಹಾಗಾದರೆ 1956ರ ನವೆಂಬರಿಗಿಂತ ಮೊದಲಿನದು.

ದೊಡ್ಡಪ್ಪ: ಹಾಗೆ ಹೇಳಲು ಬರುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಅಪ್ಪ ಎಷ್ಟೋ ವರ್ಷ ಹಾಗೆಯೇ ಬರೆಯುತ್ತಿದ್ದರು.

ನೀರ್ಚಾಲು ಅತ್ತೆ: ಅಪ್ಪನ ಫೋಟೋ ಮೊದಲು ನೀರ್ಚಾಲಿಗೆ ಬರಲಿ.

ದೊಡ್ಡಪ್ಪ: ಅದರ ಜಾಗ ಚಾವಡಿ.

ನೀರ್ಚಾಲು ಅತ್ತೆ: ಅಣ್ಣ, ಅದು ಅಂಟಿದ್ದು ಚಾವಡಿಯಲ್ಲಿ ಇದ್ದಾಗಲೇ.