ದ್ವೀಪದ ಡೈವ್ ಅಂಗಡಿಗೆ ಎಷ್ಟು ಟ್ಯಾಂಕ್, ಯಾವ ಅಳತೆ, ಎಷ್ಟು ಖರ್ಚು? ನಿವೃತ್ತ ನೌಕಾಪಡೆ ಡೈವರ್ ಉತ್ತರಿಸುತ್ತಾರೆ

ಪ್ರಶ್ನೆ, ಗೋಣಿಕೊಪ್ಪದ ಸದಸ್ಯೆ:
ಚೀಫ್ ಸರ್, ನಮಸ್ಕಾರ. ನನ್ನ ತಮ್ಮ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೆಯ ಹ್ಯಾವ್‌ಲಾಕ್‌ನಲ್ಲಿ, ನಾಲ್ಕು ವರ್ಷಗಳಿಂದ ಡೈವ್ ಗೈಡ್ ಆಗಿದ್ದಾನೆ. ಈಗ ಗೆಳೆಯನೊಂದಿಗೆ ಸೇರಿ ಸ್ವಂತ ಅಂಗಡಿ ತೆರೆಯಲು ಹೊರಟಿದ್ದಾನೆ. ಈ ವರ್ಷದ ಕರಿಮೆಣಸಿನ ಹಣವನ್ನು ಕೊಡಲು ಅಪ್ಪ ಒಪ್ಪಿದ್ದಾರೆ, ಲೆಕ್ಕ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ದಿನಕ್ಕೆ ಎಂಟು ಅತಿಥಿಗಳು, ತಲಾ ಎರಡು ಡೈವ್, ಜೊತೆಗೆ ನಾಲ್ವರು ಗೈಡ್‌ಗಳು. ಒಬ್ಬ ವ್ಯಾಪಾರಿ ಹೊಸ ಆಕ್ಸಿಜನ್ ಸಿಲಿಂಡರ್ ಒಂದಕ್ಕೆ 26,000 ರೂಪಾಯಿ ಹೇಳಿದ್ದಾರೆ. ಮುಚ್ಚಿಹೋದ ಒಂದು ಅಂಗಡಿಯ ನಲವತ್ತು ಹಳೆಯ ಸಿಲಿಂಡರ್‌ಗಳು ತಲಾ 9,000ಕ್ಕೆ ಸಿಗುತ್ತವೆ. ಯಾವುದನ್ನು ಕೊಳ್ಳಬೇಕು, ಎಷ್ಟು ಬೇಕು?

ಉತ್ತರ:
ತಂಗಿ, ಮೊದಲು ಒಂದು ಮಾತನ್ನು ಸರಿಪಡಿಸುತ್ತೇನೆ. ಪತ್ರಿಕೆಗಳೂ ಹೀಗೆಯೇ ಬರೆಯುತ್ತವೆ, ಆದ್ದರಿಂದ ತಪ್ಪು ನಿಮ್ಮದಲ್ಲ. ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ಅದರಲ್ಲಿರುವುದು ನಾವು ನೀವು ಉಸಿರಾಡುವ ಇದೇ ಗಾಳಿ, ಶೇ. 21 ಆಮ್ಲಜನಕ ಇರುವ ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಆರು ಮೀಟರ್‌ಗಿಂತ ಆಳಕ್ಕೆ ಒಯ್ದು ಉಸಿರಾಡಿದರೆ ಅದೇ ವಿಷವಾಗಿ ಮೈ ಸೆಟೆದುಕೊಳ್ಳುವ ಅಪಾಯವಿದೆ. ಆಸ್ಪತ್ರೆಗೆ ಆಕ್ಸಿಜನ್ ಕೊಡುವವರಿಂದ ತುಂಬಿಸಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಅಳತೆಯ ವಿಷಯಕ್ಕೆ ಬರುತ್ತೇನೆ. ಪ್ರಪಂಚದ ಬಹುಪಾಲು ದ್ವೀಪಗಳಲ್ಲಿ ಓಡುವುದು 'ಎಸ್-80' ಎಂದು ಕರೆಯುವ ಅಲ್ಯೂಮಿನಿಯಂ ಟ್ಯಾಂಕ್. ಒಳಗಿನ ಜಾಗ 11.1 ಲೀಟರ್, ತುಂಬುವ ಒತ್ತಡ 207 ಬಾರ್, ಖಾಲಿ ತೂಕ ಸುಮಾರು ಹದಿನಾಲ್ಕು ಕಿಲೋ. ಕಾರಿನ ಟೈರಿಗೆ ಎರಡು ಚಿಲ್ಲರೆ ಬಾರ್ ಹಿಡಿಯುತ್ತದೆ ಎಂದರೆ ಈ ಒತ್ತಡ ಎಂಥದ್ದೆಂದು ಊಹಿಸಿಕೊಳ್ಳಿ. ಪೂರ್ತಿ ತುಂಬಿದಾಗ ಸುಮಾರು 2,300 ಲೀಟರ್ ಗಾಳಿ ಅದರಲ್ಲಿ ಅಡಗಿರುತ್ತದೆ, ಆ ಗಾಳಿಗೇ ಎರಡೂವರೆ ಕಿಲೋಗಿಂತ ಹೆಚ್ಚು ತೂಕ. ಹಾಗಾಗಿ ಡೈವ್ ಆರಂಭದಲ್ಲಿ ಮುಳುಗುವ ಟ್ಯಾಂಕ್ ಕೊನೆಗೆ ತೇಲಲು ನೋಡುತ್ತದೆ, ಸೊಂಟಕ್ಕೆ ಎರಡು ಕಿಲೋ ಸೀಸ ಹೆಚ್ಚು ಕಟ್ಟಬೇಕಾಗುತ್ತದೆ. 12 ಲೀಟರ್, 232 ಬಾರ್‌ನ ಉಕ್ಕಿನ ಟ್ಯಾಂಕ್‌ನಲ್ಲಿ ಆ ತೊಂದರೆ ಇಲ್ಲ, ಗಾಳಿಯೂ ಹೆಚ್ಚು ಹಿಡಿಯುತ್ತದೆ. ಆದರೆ ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮ ತೋಟದ ಗೇಟಿನ ಕೀಲುಗಳ ಗತಿ ಏನಾಗುತ್ತದೆಂದು ನಿಮಗೆ ಗೊತ್ತಲ್ಲ, ಅಲ್ಲಿ ವರ್ಷವಿಡೀ ಅದೇ. ಅಲ್ಯೂಮಿನಿಯಂ ತನ್ನ ಮೇಲೆ ತಾನೇ ತೆಳುವಾದ ಪದರ ಕಟ್ಟಿಕೊಂಡು ಉಳಿದುಕೊಳ್ಳುತ್ತದೆ. ನಿಮ್ಮ ತಮ್ಮನಿಗೆ ಎಸ್-80 ಸಾಕು. ಸಣ್ಣ ಮೈಕಟ್ಟಿನವರಿಗೂ ಮಕ್ಕಳಿಗೂ ಒಂಬತ್ತು ಲೀಟರಿನ ಎಸ್-63 ನಾಲ್ಕು ಇಟ್ಟುಕೊಳ್ಳಲಿ. ದೊಡ್ಡ ಟ್ಯಾಂಕ್ ಹೊತ್ತು ದೋಣಿಯ ಅಂಚಿನಲ್ಲಿ ತಡವರಿಸುವವರನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಎಷ್ಟು ಬೇಕೆಂಬುದು. ಎಲ್ಲರೂ ಎಡವುವುದು ಇಲ್ಲಿಯೇ. ದ್ವೀಪದಲ್ಲಿ ಲೆಕ್ಕಕ್ಕೆ ಬರುವುದು ಟ್ಯಾಂಕ್‌ಗಳ ಸಂಖ್ಯೆಗಿಂತ ಅವು ಎಷ್ಟು ಬೇಗ ತುಂಬಿ ಮತ್ತೆ ದೋಣಿ ಹತ್ತುತ್ತವೆ ಎಂಬುದು. ನಿಮ್ಮ ಲೆಕ್ಕದಲ್ಲಿ ಅತಿಥಿಗಳಿಗೆ ಹದಿನಾರು, ಗೈಡ್‌ಗಳಿಗೆ ಎಂಟು, ದಿನಕ್ಕೆ ಇಪ್ಪತ್ತನಾಲ್ಕು. ಪ್ರತಿಯೊಂದೂ 50 ಬಾರ್ ಉಳಿಸಿಕೊಂಡು ಹಿಂದಿರುಗಿದರೆ ತಲಾ 1,740 ಲೀಟರ್ ತುಂಬಬೇಕು, ಒಟ್ಟು ಸುಮಾರು 41,800 ಲೀಟರ್. ನಿಮಿಷಕ್ಕೆ 100 ಲೀಟರಿನ ಸಣ್ಣ ಕಂಪ್ರೆಸರ್ ಇದಕ್ಕೆ ಏಳು ಗಂಟೆ ಎಡೆಬಿಡದೆ ಓಡಬೇಕು. 250 ಲೀಟರಿನದು ಮೂರು ಗಂಟೆಯೊಳಗೆ ಮುಗಿಸುತ್ತದೆ. ಕಂಪ್ರೆಸರ್ ಸಣ್ಣದಾದರೆ ಅದರ ಕೊರತೆಯನ್ನು ಟ್ಯಾಂಕ್ ಕೊಂಡು ತುಂಬಬೇಕಾಗುತ್ತದೆ, ಅದು ಹಣ ಹಾಳು.

ನನ್ನ ಸಲಹೆ ಮೂವತ್ತಾರು. ಇಪ್ಪತ್ತನಾಲ್ಕು ಓಡಾಟಕ್ಕೆ, ನಾಲ್ಕು ಕೈಯಳತೆಯಲ್ಲಿ, ಉಳಿದ ಎಂಟು ಪರೀಕ್ಷೆಗೆ ಹೋಗಿ ಬರುವವುಗಳ ಜಾಗಕ್ಕೆ. ಪರೀಕ್ಷೆಗೆ ಮುಖ್ಯನೆಲಕ್ಕೆ ಕಳಿಸುವುದಾದರೆ ಚೆನ್ನೈಗೆ ಸಮುದ್ರದ ಮೇಲೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ವಿಮಾನದಲ್ಲಿ ತುಂಬಿದ ಟ್ಯಾಂಕ್ ಒಯ್ಯುವಂತಿಲ್ಲ. ಹಡಗಿಗೆ ಕಾದು, ಸಾಲಿಗೆ ಕಾದು, ಹಿಂದಿರುಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಆ ಎಂಟು ಇಲ್ಲದಿದ್ದರೆ ಸೀಸನ್ನಿನ ನಡುವೆ ಅತಿಥಿಗಳನ್ನು ವಾಪಸು ಕಳಿಸಬೇಕಾಗುತ್ತದೆ.

ಪ್ರಶ್ನೆ, ಅವರೇ:
ಪರೀಕ್ಷೆ ಎಂದರೆ ಏನು ಮಾಡುತ್ತಾರೆ ಸರ್? ಹಳೆಯವನ್ನು ನೋಡಿ ತಿಳಿಯುವುದು ಹೇಗೆ?

ಉತ್ತರ:
ನಿಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್‌ನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ 'ಬಿ-27' ಎಂಬಂತೆ ಬರೆದಿರುತ್ತದೆ, ನೋಡಿದ್ದೀರಾ? 2027ರ ಏಪ್ರಿಲ್‌ನಿಂದ ಜೂನ್‌ನೊಳಗೆ ಪರೀಕ್ಷೆಯಾಗಬೇಕು ಎಂದು ಅದರ ಅರ್ಥ. ಡೈವ್ ಟ್ಯಾಂಕ್‌ಗೂ ಅಂಥದೇ ಗುರುತು ಉಂಟು, ಆದರೆ ಅದನ್ನು ಲೋಹದ ಹೆಗಲಿಗೇ ಕೊರೆದಿರುತ್ತಾರೆ ಮತ್ತು ಅದು ಪರೀಕ್ಷೆ ಆದ ದಿನಾಂಕ. ಟ್ಯಾಂಕ್‌ಗೆ ನೀರು ತುಂಬಿ ಒತ್ತಡವನ್ನು ಏರಿಸುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಎಸ್-80ನ್ನು ಸುಮಾರು 345 ಬಾರ್‌ವರೆಗೆ ಒಯ್ಯುತ್ತಾರೆ. ಲೋಹ ಸ್ವಲ್ಪ ಹಿಗ್ಗುತ್ತದೆ, ಒತ್ತಡ ಇಳಿಸಿದಾಗ ಕುಗ್ಗಬೇಕು. ಹಿಗ್ಗಿದ್ದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹಾಗೆಯೇ ಉಳಿದರೆ ಟ್ಯಾಂಕ್ ಗುಜರಿಗೆ. ಅಲ್ಲಿ ಇದು ಐದು ವರ್ಷಕ್ಕೊಮ್ಮೆ. ನಮ್ಮಲ್ಲಿ ಇವೆಲ್ಲ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಅಡಿ ಬರುತ್ತವೆ, ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಪೆಸೊ ಮಾನ್ಯತೆ ಇಲ್ಲದ ವಿದೇಶಿ ಟ್ಯಾಂಕ್ ಅಗ್ಗಕ್ಕೆ ಸಿಕ್ಕಿತೆಂದು ಮುಟ್ಟಬೇಡಿ. ನಾಳೆ ಅದನ್ನು ಪರೀಕ್ಷೆಗೆ ತೆಗೆದುಕೊಳ್ಳುವವರೂ ಇರುವುದಿಲ್ಲ.

ಹಳೆಯದನ್ನು ನೋಡುವಾಗ ಬುಡದ ರಬ್ಬರ್ ಬೂಟನ್ನು ತೆಗೆಸಿ. ಅಲ್ಲಿ ಉಪ್ಪುನೀರು ನಿಂತು ಸುಣ್ಣದ ಹಾಗೆ ಬಿಳಿ ಪುಡಿ ಕಟ್ಟಿರುತ್ತದೆ. ಉಗುರಿನಿಂದ ಕೆರೆದು ನೋಡಿ. ಪುಡಿ ಉದುರಿ ಕೆಳಗೆ ಲೋಹ ನಯವಾಗಿದ್ದರೆ ಭಯವಿಲ್ಲ, ಉಗುರು ಸಿಕ್ಕಿಕೊಳ್ಳುವಷ್ಟು ಗುಂಡಿ ಬಿದ್ದಿದ್ದರೆ ಬಿಟ್ಟುಬಿಡಿ. ಬಳಿಕ ವಾಲ್ವ್ ಬಿಚ್ಚಿಸಿ, ತಂತಿಗೆ ಕಟ್ಟಿದ ಪುಟ್ಟ ದೀಪವನ್ನು ಒಳಗಿಳಿಸಿ, ಕುತ್ತಿಗೆಯ ತಿರುಪಿನ ಹಲ್ಲುಗಳಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ನೋಡಬೇಕು. 6351 ಎಂಬ ಹಳೆಯ ಮಿಶ್ರಲೋಹದ ಟ್ಯಾಂಕ್‌ಗಳು ಅಲ್ಲಿಂದಲೇ ಸೀಳಿ ಸಿಡಿದಿವೆ. ಅಮೆರಿಕದಲ್ಲಿ ಲಕ್ಸ್‌ಫರ್ ಕಂಪನಿ 1988ರಲ್ಲಿ ಆ ಲೋಹವನ್ನು ಕೈಬಿಟ್ಟು 6061ಕ್ಕೆ ಬಂತು. ಅಷ್ಟು ಹಳೆಯದು ಪುಕ್ಕಟೆ ಸಿಕ್ಕರೂ ಬೇಡ.

ಪ್ರಶ್ನೆ, ಕುಶಾಲನಗರದ ಸದಸ್ಯ:
ಅಣ್ಣ, ನಮ್ಮ ರಕ್ಷಣಾ ತಂಡದವರು ಹಾರಂಗಿ ಹಿನ್ನೀರಿಗೆ ಇಳಿಯಲು ಒಂದು ಸೆಟ್ ಕೊಳ್ಳುವ ಮಾತಾಡುತ್ತಿದ್ದಾರೆ. ಅಗ್ನಿಶಾಮಕದವರು ಬೆನ್ನಿಗೆ ಹಾಕುವ ಸಿಲಿಂಡರ್ ಆಗದೇ? ಟೈರ್ ಅಂಗಡಿಯಲ್ಲಿ ತುಂಬಿಸಬಹುದೇ?

ಉತ್ತರ:
ಎರಡೂ ಆಗದು ತಮ್ಮ. ಬೆಂಕಿಗೆ ಹೋಗುವವರ ಸೆಟ್ ಹೊಗೆಗೆ ಮಾಡಿದ್ದು. ಅದರ ಮಾಸ್ಕ್ ಮತ್ತು ವಾಲ್ವ್ ನೀರಿನೊಳಗೆ ಕೆಲಸ ಮಾಡಲು ತಯಾರಾಗಿಲ್ಲ, ಹಗುರವಾದ ನಾರಿನ ಸಿಲಿಂಡರ್ ತೇಲುತ್ತದೆ. ಟೈರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಅದರ ಗಾಳಿಯಲ್ಲಿ ಎಣ್ಣೆಯೂ ಇರುತ್ತದೆ. ತರಬೇತಿ ಇಲ್ಲದೆ ಕೆಸರು ನೀರಿಗೆ ಯಾರನ್ನೂ ಇಳಿಸಬೇಡಿ. ಕೈಮುಗಿದು ಕೇಳುತ್ತೇನೆ.

ಪ್ರಶ್ನೆ, ಮಡಿಕೇರಿಯ ಸದಸ್ಯ:
ಬರುವ ತಿಂಗಳು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಎರಡು ಡೈವ್ ಮಾಡಿ ಅದೇ ರಾತ್ರಿ ಮನೆ ಸೇರುವ ಯೋಚನೆ ಇದೆ. ತೊಂದರೆ ಇಲ್ಲವಲ್ಲ?

ಉತ್ತರ:
ಇದೆ. ಡೈವ್ ನಂತರ ರಕ್ತದಲ್ಲಿ ಸಾರಜನಕ ಕರಗಿ ಉಳಿದಿರುತ್ತದೆ. ಸಂಪಾಜೆ ಘಾಟಿ ಹತ್ತಿ ಸಾವಿರ ಮೀಟರ್ ಮೇಲಕ್ಕೆ ಬಂದರೆ ಹೊರಗಿನ ಒತ್ತಡ ಇಳಿದು ಅದು ಗುಳ್ಳೆಯಾಗಬಹುದು. ವಿಮಾನ ಹತ್ತುವವರಿಗೆ ಹೇಳುವ ನಿಯಮವೇ ನಮಗೂ ಅನ್ವಯ: ಒಂದು ಡೈವ್ ಆದರೆ 12 ಗಂಟೆ, ಹೆಚ್ಚು ಆದರೆ 18 ಗಂಟೆ. ಮಂಗಳೂರಿನಲ್ಲಿ ಉಳಿದು ಮರುದಿನ ಮಧ್ಯಾಹ್ನದ ಮೇಲೆ ಘಾಟಿ ಹತ್ತಿ.

ಪ್ರಶ್ನೆ, ಗೋಣಿಕೊಪ್ಪದ ಸದಸ್ಯೆ:
ಸರ್, ಖರ್ಚಿನಲ್ಲಿ ಯಾವುದನ್ನು ಹಿಡಿಯಬಹುದು, ಯಾವುದನ್ನು ಹಿಡಿಯಬಾರದು?

ಉತ್ತರ:
ಹೊಸ ಟ್ಯಾಂಕ್ 26,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ ಇನ್ನೂರು ಡೈವ್‌ನಂತೆ ಹತ್ತು ವರ್ಷ ದುಡಿದರೆ ಡೈವ್ ಒಂದಕ್ಕೆ ಹದಿಮೂರು ರೂಪಾಯಿ. ಲೋಹ ದುಬಾರಿಯಲ್ಲ. ಹಣ ಹೋಗುವುದು, ಹೋಗಬೇಕಾದದ್ದು, ಗಾಳಿಯ ಶುದ್ಧತೆಗೆ. ಕಂಪ್ರೆಸರ್‌ನ ಫಿಲ್ಟರ್‌ನಲ್ಲಿ ಇದ್ದಿಲು ಮತ್ತು ತೇವ ಹೀರುವ ಹರಳುಗಳಿರುತ್ತವೆ. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಅವುಗಳ ಆಯಸ್ಸು ಕಡಿಮೆ. ತಯಾರಕರು ಬರೆದ ಗಂಟೆಗಳು ತಂಪು ಹವೆಯವು, ಅಂಡಮಾನಿಗೆ ಹೊಂದುವುದಿಲ್ಲ. ಇಲ್ಲಿ ಉಳಿಸಲು ಹೋಗಬೇಡಿ.

ನಿವೃತ್ತಿಯ ನಂತರ ಒಂದು ದ್ವೀಪದಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದೆ. ಒಂದು ಬೆಳಿಗ್ಗೆ ಡೈವ್ ಮುಗಿಸಿ ಬಂದ ಮೂವರೂ ತಲೆ ಹಿಡಿದುಕೊಂಡು ಕೂತರು, ಒಬ್ಬಳು ವಾಂತಿ ಮಾಡಿದಳು. ಟ್ಯಾಂಕ್ ತೆರೆದು ಮೂಸಿದೆ, ಯಾವ ವಾಸನೆಯೂ ಇಲ್ಲ. ಕಂಪ್ರೆಸರ್ ಕೋಣೆಯ ಹಿಂದೆ ಹೋಗಿ ನೋಡಿದರೆ, ಹಿಂದಿನ ರಾತ್ರಿ ಡೀಸೆಲ್ ಜನರೇಟರನ್ನು ಸರಿಸಿ ಇಟ್ಟಿದ್ದರು. ಅದರ ಹೊಗೆಕೊಳವೆ ಗಾಳಿ ಎಳೆಯುವ ಪೈಪಿನಿಂದ ನಾಲ್ಕು ಮಾರು ದೂರವಿತ್ತು, ಗಾಳಿ ಬೀಸುತ್ತಿದ್ದದ್ದೂ ಆ ಕಡೆಗೇ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಯೂರೋಪಿನ ಇಎನ್ 12021 ಮಾನದಂಡ ಹತ್ತು ಲಕ್ಷ ಪಾಲಿನಲ್ಲಿ ಐದು ಪಾಲಿಗಿಂತ ಹೆಚ್ಚನ್ನು ಒಪ್ಪುವುದಿಲ್ಲ. ಅದನ್ನು ಅಳೆಯುವ ಮೀಟರನ್ನು ನಿಮ್ಮ ತಮ್ಮ ಮೊದಲ ದಿನವೇ ಕೊಳ್ಳಲಿ, ಪೈಪಿನ ಬಾಯನ್ನು ಛಾವಣಿಗಿಂತ ಮೇಲಕ್ಕೆ ಎತ್ತಲಿ.

ತುಂಬುವ ಹುಡುಗನಿಗೆ ಒಂದು ಅಭ್ಯಾಸ ಕಲಿಸಲಿ. ಮೆದುಗೊಳವೆ ಜೋಡಿಸುವ ಮುನ್ನ ವಾಲ್ವನ್ನು ಅರೆಕ್ಷಣ ತೆರೆದು ಬಾಯಲ್ಲಿ ನಿಂತ ನೀರಹನಿಯನ್ನು ಹಾರಿಸಬೇಕು. ಆ ಒಂದು ಹನಿ ಉಪ್ಪುನೀರು ಒಳಹೋದರೆ ತಿಂಗಳುಗಟ್ಟಲೆ ಲೋಹವನ್ನು ತಿನ್ನುತ್ತದೆ. ತುಂಬುವಾಗ ಅಂಗೈಯನ್ನು ಟ್ಯಾಂಕ್ ಮೇಲೆ ಇಟ್ಟು ನೋಡಲಿ. ಬಿಸಿ ತಾಗಿದರೆ ಅವಸರವಾಗಿದೆ ಎಂದರ್ಥ. ಬಿಸಿಯಲ್ಲಿ 207 ತೋರಿಸಿದ್ದು ತಣಿದ ಮೇಲೆ ಇಳಿದಿರುತ್ತದೆ, ಅತಿಥಿಗೆ ಅಷ್ಟು ನಿಮಿಷ ಕಡಿಮೆ.

ಅದೇ ಸದಸ್ಯೆ, ಎರಡು ದಿನಗಳ ನಂತರ:
ಸರ್, ನಲವತ್ತರ ಹೆಗಲಿನ ಫೋಟೊಗಳನ್ನೂ ತಮ್ಮ ಕಳಿಸಿದ. ಎಲ್ಲ ಎಸ್-80ಗಳೇ. ಹದಿನಾಲ್ಕರ ಮೇಲೆ 2023ರ ಪರೀಕ್ಷೆಯ ಗುರುತಿದೆ. ಇಪ್ಪತ್ತೊಂದರ ಮೇಲೆ 2016. ಐದಕ್ಕೆ ಹೊಸ ಹಳದಿ ಬಣ್ಣ ಬಳಿದಿದ್ದಾರೆ, ಅಕ್ಷರಗಳೇ ಕಾಣುವುದಿಲ್ಲ.

ಉತ್ತರ:
ಹಳದಿ ಐದನ್ನು ಬಿಡಿ. ಕುಲುಮೆಯಲ್ಲಿ ಬೇಯಿಸಿ ಹಚ್ಚಿದ ಬಣ್ಣವಾದರೆ ಶಾಖಕ್ಕೆ ಅಲ್ಯೂಮಿನಿಯಂನ ಗಟ್ಟಿತನವೇ ಹೋಗಿರಬಹುದು, ಅಕ್ಷರ ಮುಚ್ಚಿದ ಟ್ಯಾಂಕ್‌ಗೆ ಗುರುತೂ ಇಲ್ಲ. 2016ರವನ್ನು ಮಾರುವವರೇ ಪರೀಕ್ಷೆ ಮಾಡಿಸಿ ಕೊಡಲಿ, ಪಾಸಾದವುಗಳಿಗೆ ಮಾತ್ರ ಬೆಲೆ ಮಾತಾಡಿ. 2023ರ ಹದಿನಾಲ್ಕನ್ನು ತೆಗೆದುಕೊಳ್ಳಬಹುದು, ಒಟ್ಟು 1,26,000. ಸಣ್ಣ ನಾಲ್ಕೂ ಸೇರಿ ಹೊಸವು ಇಪ್ಪತ್ತೆರಡು, ಎಲ್ಲವನ್ನೂ ಅದೇ ದರದಲ್ಲಿ ಹಿಡಿದರೆ 5,72,000. ಎರಡೂ ಸೇರಿ 6,98,000. ಮೂವತ್ತಾರನ್ನೂ ಹೊಸದಾಗಿ ಕೊಂಡರೆ 9,36,000 ಆಗುತ್ತಿತ್ತು. ಉಳಿದ 2,38,000ವನ್ನು ಹಾಗೆಯೇ ಕಂಪ್ರೆಸರ್‌ಗೆ ಎತ್ತಿಡಿ. ಆದರೆ ಆ ಹದಿನಾಲ್ಕಕ್ಕೂ ವಾಲ್ವ್ ಬಿಚ್ಚಿ ದೀಪ ಇಳಿಸಿ ನೋಡುವವರೆಗೆ ಅಪ್ಪ ಒಂದು ರೂಪಾಯಿಯನ್ನೂ ಮುಂಗಡ ಕಳಿಸುವುದು ಬೇಡ. ಒಳಗಿನ ಫೋಟೊ ಬಂದರೆ ಇಲ್ಲಿಯೇ ಹಾಕಿ, ನಾನು ನೋಡುತ್ತೇನೆ.